ಹಳೇ ಟ್ರೆಕ್‌ಗೆ ಬೇರೆ ಫೋರ್ಕ್

ನನ್ನ ಹತ್ತಿರ 1993ರ ಒಂದು ಟ್ರೆಕ್ 930 ಇದೆ. ಸ್ಟೀಲ್ ಫ್ರೇಮಿನ ಮೌಂಟನ್ ಸೈಕಲ್, 26 ಇಂಚಿನ ಚಕ್ರ. ವಿಸ್ಕಾನ್ಸಿನ್ ರಾಜ್ಯದ ವಾಟರ್‌ಲೂ ಅನ್ನುವ ಪುಟ್ಟ ಊರಿನಲ್ಲಿ ತಯಾರಾದದ್ದು. ಪೈಪುಗಳು ಕೂಡುವ ಕಡೆ ಲಗ್ ಅನ್ನುವ ಲೋಹದ ತೋಳು ಹಾಕಿ ಬೆಸೆದಿದ್ದಾರೆ. ಈಗಿನ ಮೌಂಟನ್ ಸೈಕಲ್‌ಗಳಲ್ಲಿ ಆ ಕೆಲಸ ನೋಡಲು ಸಿಗುವುದೇ ಅಪರೂಪ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಹಿರಿಯರೊಬ್ಬರಿಂದ ಕೊಂಡೆ. ಫ್ರೇಮು ಗಟ್ಟಿಮುಟ್ಟಾಗಿತ್ತು. ಗೇರು ಸಲೀಸಾಗಿ ಬೀಳುತ್ತಿತ್ತು. ಕೆಟ್ಟಿದ್ದು ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಮಾತ್ರ.

ಅದು ಸೈಕಲ್ ಜೊತೆ ಬಂದ ಫೋರ್ಕ್ ಅಲ್ಲ. ಮೊದಲಿದ್ದ ಗಟ್ಟಿ ಫೋರ್ಕ್ ತೆಗೆಸಿ, ಏಟಿಗೆ ಕುಸಿಯುವ ಶಾಕ್ಸ್ ಇರುವ ಒಂದನ್ನು ಅವರು ಆಗಲೇ ಹಾಕಿಸಿದ್ದರು. ಅದರ ಒಳಗಿದ್ದದ್ದು ಎಲಾಸ್ಟೊಮರ್. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಯುರೆಥೇನ್ ರಬ್ಬರಿನ ಗುಂಡನೆ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ. 90ರ ದಶಕದ ಮೊದಲರ್ಧದಲ್ಲಿ ಬಹಳಷ್ಟು ಫೋರ್ಕ್‌ಗಳು ಹೀಗೇ ಇದ್ದವು. ಹಗುರ, ಅಗ್ಗ, ಗಾಳಿ ಇಳಿಯುವ ತಾಪತ್ರಯ ಇಲ್ಲ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಚಳಿಗೆ ಬಿಗಿಯಾಗುತ್ತದೆ, ವರ್ಷಗಳು ಕಳೆದ ಹಾಗೆ ತಾನಾಗಿಯೇ ಕರಗಿ ಅಂಟಾಗುತ್ತದೆ.

ಮೇಲಿನ ಮುಚ್ಚಳ ಬಿಚ್ಚಿದರೆ ಒಳಗೆ ಹಲಸಿನ ಮೇಣದಂಥ ಪದಾರ್ಥ. ಮರದ ಕಡ್ಡಿ ಹಾಕಿ ಎಳೆದರೆ ಎಳೆಯಾಗಿ ಬಂತೇ ಹೊರತು ತುಂಡಾಗಲಿಲ್ಲ. ಫೋರ್ಕಿನ ಎಡಗಾಲಿನಲ್ಲಿ ಅಷ್ಟೂ ಕುಸಿದು ತಳ ಸೇರಿತ್ತು. ಬಲಗಾಲಿನಲ್ಲಿ ಮೇಲಿನ ಎರಡು ತುಂಡು ಮಾತ್ರ ಇನ್ನೂ ಆಕಾರ ಉಳಿಸಿಕೊಂಡಿದ್ದವು. ಬೆರಳಿಗೆ ಹತ್ತಿದ್ದು ಸೋಪಿಗೆ ಹೋಗಲಿಲ್ಲ. ಅಡುಗೆ ಎಣ್ಣೆ ಹಚ್ಚಿ ಉಜ್ಜಬೇಕಾಯಿತು.

ಇಂಥ ಹಳೇ ಫೋರ್ಕ್‌ಗಳಿಗೆ ರಬ್ಬರಿನ ಬದಲು ಕೂರಿಸುವ ಸ್ಟೀಲ್ ಸ್ಪ್ರಿಂಗ್‌ಗಳನ್ನು ಮಾರುವವರು ಈಗಲೂ ಇದ್ದಾರೆ. ಸೈಕಲ್ಲನ್ನು ಇದ್ದ ಹಾಗೇ ಉಳಿಸಿಕೊಳ್ಳಬೇಕು ಅನ್ನುವವರಿಗೆ ಅದೇ ಸರಿ. ನನ್ನ ಫೋರ್ಕಿನೊಳಗೆ ಕಾಲು ಜಾರುವ ಬುಶ್‌ಗಳು ಮಾತ್ರ ಸವೆದುಹೋಗಿದ್ದವು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಆಡಿಸಿದರೆ ಟಕ್ ಟಕ್ ಅನ್ನುತ್ತಿತ್ತು. ಡ್ಯಾಂಪಿಂಗ್ ಅನ್ನುವುದು ಅದರಲ್ಲಿ ಮೊದಲಿನಿಂದಲೂ ಇರಲಿಲ್ಲ. ಒತ್ತಿದ ಸ್ಪ್ರಿಂಗು ವಾಪಸು ಚಿಮ್ಮದಂತೆ ಎಣ್ಣೆಯಿಂದ ಅದರ ವೇಗ ತಗ್ಗಿಸುವ ಏರ್ಪಾಡು ಅದು. ಆದ್ದರಿಂದ ಬೇರೆ ಫೋರ್ಕೇ ಹಾಕೋಣ ಎಂದು ನಿರ್ಧರಿಸಿದೆ.

ಸನ್ನಿವೇಲಿನಲ್ಲಿ ದಾವಣಗೆರೆಯ ಗೆಳೆಯನೊಬ್ಬ ಇದ್ದಾನೆ. ಅವನ ಹತ್ತಿರ ಕಾರ್ಬನ್ ಫ್ರೇಮಿನ 29 ಇಂಚಿನ ಸೈಕಲ್ ಇದೆ. ವಿಷಯ ಹೇಳಿದ ತಕ್ಷಣ ಅವನು, "ಲೋ, ಸುಮ್ನೆ ಒಂದು 120 ಮಿ.ಮೀ. ಫೋರ್ಕ್ ಹಾಕ್ಸಿಬಿಡೋ. ಕಲ್ಲು ಗಿಲ್ಲು ಏನೂ ಗೊತ್ತಾಗಲ್ಲ" ಎಂದ. 120 ಅಂದರೆ ಫೋರ್ಕ್ ಕುಸಿಯುವ ಉದ್ದ, ಅದನ್ನು ಟ್ರಾವೆಲ್ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ್ದು. ಈ ಫ್ರೇಮಿಗೆ ಮಾತ್ರ ಆ ಮಾತು ಹೊಂದುವುದಿಲ್ಲ. ಏಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಸೈಕಲ್‌ಗೆ ಫೋರ್ಕ್ ಹುಡುಕುವವರು ತಿಳಿದಿರಬೇಕಾದ ಮುಖ್ಯ ವಿಷಯ ಇದೇ.

ಅದಕ್ಕೆ ಕೊಂಚ ಹಿಂದಿನ ಕತೆ ಬೇಕು. ಇಲ್ಲಿಂದ ಉತ್ತರಕ್ಕೆ, ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನಲ್ಲಿ ಒಂದು ಸೈಕಲ್ ಮ್ಯೂಸಿಯಂ ಇದೆ. ಆ ಊರಿನ ಪಕ್ಕದ ಬೆಟ್ಟದಲ್ಲೇ 1976ರ ಅಕ್ಟೋಬರ್‌ನಲ್ಲಿ ರೀಪ್ಯಾಕ್ ಎಂಬ ಇಳಿಜಾರಿನ ಸೈಕಲ್ ರೇಸ್ ಮೊದಲ ಸಲ ನಡೆದದ್ದು. ಕಚ್ಚಾ ರಸ್ತೆಯಲ್ಲಿ ಇಳಿದು ಬರುವಾಗ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಕೆಳಗೆ ಬಂದ ಮೇಲೆ ಮತ್ತೆ ಗ್ರೀಸ್ ತುಂಬಲೇಬೇಕಿತ್ತು, ಆ ಹೆಸರು ಬಂದದ್ದೇ ಅದರಿಂದ. ಆ ಹುಡುಗರು ಓಡಿಸಿದ್ದು ದಪ್ಪ ಟಯರಿನ ಹಳೇ ಶ್ವಿನ್ ಸೈಕಲ್‌ಗಳನ್ನು. ಶಾಕ್ಸ್ ಅನ್ನುವ ಮಾತೇ ಇಲ್ಲ. ಪಾಲ್ ಟರ್ನರ್ ಮತ್ತು ಸ್ಟೀವ್ ಸೈಮನ್ಸ್ ಸೇರಿ ರಾಕ್‌ಶಾಕ್ಸ್ ಆರ್‌ಎಸ್-1 ಎಂಬ ಶಾಕ್ಸ್ ಇರುವ ಫೋರ್ಕ್ ಹೊರತಂದದ್ದು 1989ರಲ್ಲಿ. ಮರುವರ್ಷ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಅದೇ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್ ಗೆದ್ದರು. ಅಲ್ಲಿಂದ ಮುಂದೆ ಎಲ್ಲರಿಗೂ ಶಾಕ್ಸ್ ಬೇಕಾಯಿತು.

ನನ್ನ ಫ್ರೇಮು ಹುಟ್ಟಿದ್ದು ಆ ಸಂಧಿಕಾಲದಲ್ಲಿ. ಅದನ್ನು ಗೆರೆ ಎಳೆದು ವಿನ್ಯಾಸ ಮಾಡಿದವರ ತಲೆಯಲ್ಲಿದ್ದದ್ದು ಗಟ್ಟಿ ಫೋರ್ಕ್. ಮುಂದಿನ ಚಕ್ರದ ಆಕ್ಸಲ್‌ನಿಂದ ಫೋರ್ಕಿನ ಕ್ರೌನ್ ತನಕ, ಅಂದರೆ ಎರಡು ಕಾಲು ಕೂಡುವ ನೆತ್ತಿಯ ತನಕ, ಅಳೆದರೆ ಆ ಕಾಲದ ಗಟ್ಟಿ ಫೋರ್ಕ್‌ಗಳು ಹೆಚ್ಚಾಗಿ 395ರಿಂದ 410 ಮಿ.ಮೀ. ಬರುತ್ತವೆ. 100 ಮಿ.ಮೀ. ಟ್ರಾವೆಲ್ ಇರುವ ಫೋರ್ಕ್ 26 ಇಂಚಿನ ಚಕ್ರದ್ದೇ ಆದರೂ 470ರ ಹತ್ತಿರ ಹೋಗುತ್ತದೆ. ಈ ಉದ್ದದಲ್ಲಿ 20 ಮಿ.ಮೀ. ಹೆಚ್ಚಾದರೆ ಫ್ರೇಮಿನ ಮುಂದಿನ ಗಿಡ್ಡ ಪೈಪು, ಅಂದರೆ ಹೆಡ್ ಟ್ಯೂಬ್, ಸುಮಾರು 1 ಡಿಗ್ರಿ ಹಿಂದಕ್ಕೆ ಮಲಗುತ್ತದೆ. ಸೀಟು ಹಿಂದೆ ಸರಿಯುತ್ತದೆ, ಪೆಡಲ್ ನೆಲದಿಂದ ಮೇಲೇಳುತ್ತದೆ. ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಅಲೆಯತೊಡಗುತ್ತದೆ. ಹೆಡ್ ಟ್ಯೂಬ್ ಮತ್ತು ಪೆಡಲ್ ಕಡೆ ಇಳಿಯುವ ಡೌನ್ ಟ್ಯೂಬ್ ಸೇರುವ ಲಗ್ಗಿನ ಮೇಲೆ ಬೀಳುವ ಬಲವೂ ಜಾಸ್ತಿಯಾಗುತ್ತದೆ. ಮೂವತ್ತು ವರ್ಷದ ಬೆಸುಗೆಗೆ ಅಂಥ ಪರೀಕ್ಷೆ ಒಡ್ಡುವ ಮನಸ್ಸು ನನಗಿರಲಿಲ್ಲ.

ಟೇಪು ಹಿಡಿದು ಹಳೇ ಫೋರ್ಕ್ ಅಳೆದೆ. 425 ಬಂತು. ಹುಡುಕಬೇಕಾದದ್ದು ಏನು ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು. 450 ಮೀರಬಾರದು, ಬ್ರೇಕ್ ಕೂರಿಸಲು ಕಾಲುಗಳ ಮೇಲೆ ಬಾಸ್ ಅನ್ನುವ ಗೂಟಗಳು ಇರಬೇಕು, ಒಳಗೆ ಎಲಾಸ್ಟೊಮರ್ ಇರಬಾರದು.

ಆಯ್ಕೆ ಮಾಡಿದ್ದು 2000ದ ಆಸುಪಾಸಿನ ರಾಕ್‌ಶಾಕ್ಸ್ ಸಿಡ್ ಅನ್ನುವ ಫೋರ್ಕ್. ಗಾಳಿಯ ಸ್ಪ್ರಿಂಗ್, ಎಣ್ಣೆಯ ಡ್ಯಾಂಪಿಂಗ್, ಕೆಳಗಿನ ಕಾಲುಗಳು ಮೆಗ್ನೀಸಿಯಂ. ಕ್ರಾಸ್ ಕಂಟ್ರಿ ರೇಸಿಗೆಂದೇ ಮಾಡಿದ್ದು, ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ಒಳಗಿನ ಕಾಲುಗಳು 28 ಮಿ.ಮೀ. ದಪ್ಪ ಮಾತ್ರ, ಈಗಿನವರ ಕಣ್ಣಿಗೆ ಕಡ್ಡಿಯಂತೆ ಕಾಣಬಹುದು. ಲಗ್ ಹಾಕಿದ ತೆಳು ಪೈಪಿನ ಫ್ರೇಮಿನ ಮುಂದೆ ಅದೇ ಅಳತೆಗೆ ತಕ್ಕುದಾಗಿ ಕಾಣುತ್ತದೆ. ನನಗೆ ಇದು ಸಣ್ಣ ವಿಷಯವಲ್ಲ. ಹಳೇ ಸೈಕಲ್ಲನ್ನು ನೋಡಿಯೂ ಖುಷಿಪಡುತ್ತೇವೆ, ಅಲ್ವಾ? ಇದರ ಟ್ರಾವೆಲ್ 80 ಮಿ.ಮೀ. ಬೇಕಾದರೆ ಒಳಗೆ ಒಂದು ತುಂಡು ಸೇರಿಸಿ 63ಕ್ಕೆ ಇಳಿಸಬಹುದು.

ಸೆಕೆಂಡ್ ಹ್ಯಾಂಡ್ ಫೋರ್ಕ್ ಕೊಳ್ಳುವಾಗ ಫೋಟೊ ನೋಡಿ ಮರುಳಾಗಬೇಡಿ. ಸ್ಟಿಕರ್ ಚೆನ್ನಾಗಿದೆ ಅಂದರೆ ಒಳಗೂ ಚೆನ್ನಾಗಿದೆ ಎಂದಲ್ಲ. ಒಳಗಿನ ಕಾಲುಗಳ ಮೇಲೆ ಉಗುರು ಆಡಿಸಬೇಕು. ಉಗುರಿಗೆ ಸಿಕ್ಕುವ ಗೀರು ಇದ್ದರೆ ಸೀಲು ನಿಲ್ಲುವುದಿಲ್ಲ. ಹಿಂಬದಿಯಲ್ಲಿ ಬಣ್ಣ ಸವೆದು ಬೆಳ್ಳಗಾಗಿದ್ದರೆ ಬುಶ್ ಕೂಡ ಸವೆದಿರುತ್ತದೆ. ಎರಡು ಕಾಲು ಕೂಡಿಸುವ ಮೆಗ್ನೀಸಿಯಂ ಕಮಾನಿನ ಬುಡದಲ್ಲಿ, ಆಕ್ಸಲ್ ಕೂರುವ ಕಡೆ ಬಿರುಕು ಇದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಫೋರ್ಕಿನ ಕತ್ತಿನ, ಅಂದರೆ ಹೆಡ್ ಟ್ಯೂಬಿನೊಳಗೆ ಹೋಗುವ ಸ್ಟಿಯರರ್ ಟ್ಯೂಬಿನ, ಉದ್ದ. ಹಿಂದಿನವರು ತಮ್ಮ ಫ್ರೇಮಿಗೆ ತಕ್ಕಂತೆ ಕತ್ತರಿಸಿರುತ್ತಾರೆ. ಗಿಡ್ಡ ಆದರೆ ಮುಗಿಯಿತು, ಉದ್ದ ಮಾಡಲು ಬರುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. ಹೆಡ್ ಟ್ಯೂಬ್ 130, ಸ್ಟಿಯರರ್ ತಿರುಗಲು ಬೇರಿಂಗ್ ಇರುವ ಹೆಡ್‌ಸೆಟ್ಟಿನ ಮೇಲೆ ಕೆಳಗೆ ಸೇರಿ 28, ಹ್ಯಾಂಡಲ್ಲನ್ನು ಹಿಡಿಯುವ ಸ್ಟೆಮ್ 40, ವಾಷರ್ ಥರದ ಸ್ಪೇಸರ್‌ಗಳು 15. ಒಟ್ಟು 213 ಮಿ.ಮೀ. ಮಾರುವವರು ಅಳೆದು ಹೇಳಿದ್ದು 228. ನೆಮ್ಮದಿಯಾಯಿತು.

ಇನ್ನೊಂದು ಅಳತೆ ದಪ್ಪದ್ದು. 90ರ ದಶಕದ ಆರಂಭದ ಸೈಕಲ್‌ಗಳಲ್ಲಿ ಮೂರು ಬಗೆಯ ಸ್ಟಿಯರರ್ ಇದ್ದವು. 1 ಇಂಚು, ಒಂದೂ ಕಾಲು ಇಂಚು, ಅವೆರಡರ ನಡುವೆ 1 1/8 ಇಂಚು. ಕೊನೆಗೆ ಗೆದ್ದು ಉಳಿದದ್ದು 1 1/8. ಉಳಿದ ಎರಡಕ್ಕೆ ಶಾಕ್ಸ್ ಇರುವ ಒಳ್ಳೆಯ ಫೋರ್ಕ್ ಸಿಗುವುದು ಕಷ್ಟ. ನನ್ನ ಟ್ರೆಕ್‌ನದು 1 1/8. ಹೆಡ್ ಟ್ಯೂಬಿನೊಳಗೆ ಕೂರುವ ಬಟ್ಟಲಿನ, ಅಂದರೆ ಕಪ್ಪಿನ, ಅಳತೆ 34 ಮಿ.ಮೀ., ಥ್ರೆಡ್ ಇರುವ ಹಳೇ ಹೆಡ್‌ಸೆಟ್ಟಿಗೂ ಥ್ರೆಡ್ ಇಲ್ಲದ ಹೊಸದಕ್ಕೂ ಅದೇ. ಹಾಗಾಗಿ ಫ್ರೇಮಿಗೆ ಏನೂ ಮಾಡದೆ ಹೊಸ ಕಾಲದ ಹೆಡ್‌ಸೆಟ್ ಕೂರಿಸಬಹುದು.

ನಮ್ಮ ಕಡೆ ವಾಲಂಟಿಯರ್‌ಗಳೇ ನಡೆಸುವ ಸೈಕಲ್ ವರ್ಕ್‌ಶಾಪ್ ಒಂದಿದೆ. ದೊಡ್ಡ ಟೂಲ್‌ಗಳನ್ನು ಅಲ್ಲೇ ಬಳಸಬಹುದು. ಬಿಚ್ಚುವ ಕೆಲಸ ಶುರುವಾದದ್ದು ಕ್ವಿಲ್ ಸ್ಟೆಮ್‌ನಿಂದ. ಇದು ಸ್ಟಿಯರರ್ ಒಳಗೆ ಇಳಿದು, ಕೆಳಗಿನ ಬೆಣೆಯಿಂದ ಬಿಗಿದುಕೊಳ್ಳುವ ಹಳೇ ಪದ್ಧತಿಯ ಸ್ಟೆಮ್. ಬೋಲ್ಟ್ ಸಡಿಲ ಮಾಡಿದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬೋಲ್ಟಿನ ತಲೆಗೆ ರಬ್ಬರ್ ಸುತ್ತಿಗೆಯಿಂದ ಒಂದು ಏಟು ಕೊಟ್ಟ ಮೇಲೆ ಬೆಣೆ ಕೆಳಗೆ ಬಿತ್ತು. ಆಮೇಲೆ ಲಾಕ್ ನಟ್ಟು, ಥ್ರೆಡ್ ಕಪ್ಪು, ಬಾಲ್ ಬೇರಿಂಗಿನ ಬಳೆ. ಗ್ರೀಸು ಕಪ್ಪಗೆ ಒಣಗಿತ್ತು. ಬಾಲ್ ಉರುಳುವ ಕೆಳಗಿನ ಬಳೆಯಲ್ಲಿ, ಅಂದರೆ ರೇಸಿನಲ್ಲಿ, ಬಾಲ್‌ಗಳು ಸಾಲಾಗಿ ಕುಳಿ ಮಾಡಿದ್ದವು. ಹ್ಯಾಂಡಲ್ ನೇರಕ್ಕೆ ಬಂದಾಗ ಎಲ್ಲೋ ಕಚ್ಚಿಕೊಂಡಂತೆ ಆಗುತ್ತಿದ್ದದ್ದು ಇದರಿಂದಲೇ.

ಕಪ್ಪು ಹೊರತೆಗೆಯಲು ಒಂದು ಟೂಲ್ ಇದೆ. ತುದಿ ನಾಲ್ಕು ಸೀಳಾಗಿ ಅಗಲಿಸಿರುವ ಕೊಳವೆ. ಒಳಗಿನಿಂದ ತೂರಿಸಿದರೆ ತುದಿ ಅರಳಿ ಕಪ್ಪಿನ ಅಂಚಿಗೆ ಕೂರುತ್ತದೆ, ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ಹೊಸ ಕಪ್ಪು ಕೂರಿಸಲು ಪ್ರೆಸ್ ಬೇಕು. ಹೊಡೆದು ಕೂರಿಸಿದರೆ ಓರೆಯಾಗುವ ಸಂಭವ ಇದೆ. ಹೆಡ್ ಟ್ಯೂಬಿನ ಒಳಗೆ ಗ್ರೀಸ್ ಸವರಿ, ಮೊದಲು ಕೆಳಗಿನದು, ಆಮೇಲೆ ಮೇಲಿನದು, ಎರಡನ್ನೂ ಬೇರೆ ಬೇರೆಯಾಗಿ ಒತ್ತಿದೆ.

ಫೋರ್ಕಿನ ನೆತ್ತಿಗೆ ಕ್ರೌನ್ ರೇಸ್ ಅನ್ನುವ ಬೇರಿಂಗಿನ ಬಳೆ ಕೂರಿಸುವಾಗ ವರ್ಕ್‌ಶಾಪಿನ ಹಿರಿಯ ವಾಲಂಟಿಯರ್ ಒಬ್ಬರು ಪಕ್ಕದಲ್ಲಿ ನಿಂತಿದ್ದರು. ಬಿಳಿ ಕೂದಲಿನ ಹೆಂಗಸು, ಕೈತುಂಬ ಗ್ರೀಸು. ರೇಸಿನ ಮೇಲೆ ಉದ್ದನೆಯ ಕೊಳವೆ ಇಳಿಸಿ ಹೊಡೆಯಬೇಕು. "ಕಣ್ಣಿನಿಂದ ನೋಡಬೇಡಿ, ಕಿವಿ ಕೊಡಿ" ಎಂದರು. ಮೊದಲಿನ ಏಟುಗಳು ಮಂಕಾಗಿ ಕೇಳಿದವು. ರೇಸು ತಳ ಮುಟ್ಟಿದ ಕೂಡಲೇ ಶಬ್ದ ಬದಲಾಯಿತು, ಠಣ್ ಎಂದಿತು. ಅಲ್ಲಿಗೆ ನಿಲ್ಲಿಸಿ, ಸುತ್ತಲೂ ಬೆಳಕು ಹಿಡಿದು ನೋಡಿದೆವು. ಎಲ್ಲೂ ಸಂದು ಇರಲಿಲ್ಲ.

ಕತ್ತರಿಸುವ ಕೆಲಸಕ್ಕೆ ಮುಂಚೆ ಎಲ್ಲವನ್ನೂ ಒಮ್ಮೆ ಸುಮ್ಮನೆ ಜೋಡಿಸಿ, ಸ್ಟೆಮ್ಮಿನ ಮೇಲೆ ಸ್ಟಿಯರರ್ ಎಷ್ಟು ಚಾಚಿದೆ ಎಂದು ಗುರುತು ಹಾಕಿಕೊಂಡೆ. ಕತ್ತರಿಸಿದ ತುದಿ ಮೇಲಿನ ಸ್ಪೇಸರಿಗಿಂತ 3 ಮಿ.ಮೀ. ಕೆಳಗಿರಬೇಕು. ಇಲ್ಲದಿದ್ದರೆ ಮುಚ್ಚಳ ಬಿಗಿದಾಗ ಅದು ಸ್ಟಿಯರರಿಗೇ ತಾಗಿ ನಿಂತುಬಿಡುತ್ತದೆ, ಬೇರಿಂಗಿನ ಮೇಲೆ ಒತ್ತಡ ಬೀಳುವುದಿಲ್ಲ. 210ಕ್ಕೆ ಗುರುತು ಹಾಕಿ, ಹ್ಯಾಕ್ಸಾ ನೇರವಾಗಿ ಹೋಗಲು ಗೈಡ್ ಕಟ್ಟಿ ಕೊಯ್ದೆ. ಅಲ್ಯುಮಿನಿಯಂ ಆದ್ದರಿಂದ ಬೇಗ ಆಯಿತು. ಅಂಚನ್ನು ಅರದಿಂದ ಉಜ್ಜಿ, ಒಳಗಿನ ಚೂಪನ್ನೂ ತೆಗೆದೆ. ಮುಚ್ಚಳದ ಬೋಲ್ಟ್ ಕಚ್ಚುವ ಸ್ಟಾರ್ ನಟ್ಟನ್ನು ತುದಿಯಿಂದ 15 ಮಿ.ಮೀ. ಒಳಗೆ ಇಳಿಸಿದ ಮೇಲೆ ಆ ದಿನದ ಕೆಲಸ ಮುಗಿಯಿತು.

ಬ್ರೇಕಿನ ಕತೆ ಬೇರೆಯೇ. ನನ್ನ ಸೈಕಲ್ಲಿಗೆ ಇದ್ದದ್ದು ಕ್ಯಾಂಟಿಲಿವರ್ ಬ್ರೇಕ್. ಅದರ ಕೇಬಲ್‌ಗೆ ಮೇಲೆ ಒಂದು ಆಸರೆ ಬೇಕು, ಹೊಸ ಫೋರ್ಕಿನಲ್ಲಿ ಅದು ಇರಲಿಲ್ಲ. 1996ರ ಹೊತ್ತಿಗೆ ಶಿಮಾನೊ ಕಂಪನಿ ಉದ್ದ ತೋಳಿನ ವಿ-ಬ್ರೇಕ್ ತಂದ ಮೇಲೆ ಆ ಆಸರೆ ಬೇಡವಾಯಿತು. ಸರಿ, ವಿ-ಬ್ರೇಕಿಗೇ ಹೋದೆ. ಆದರೆ ವಿ-ಬ್ರೇಕಿಗೆ ಕೇಬಲ್ ಜಾಸ್ತಿ ಎಳೆಯಬೇಕು. ಹಳೇ ಲಿವರ್ ಅಷ್ಟು ಎಳೆಯುವುದಿಲ್ಲ. ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ. ಆದ್ದರಿಂದ ಲಿವರ್‌ಗಳನ್ನೂ, ಹಿಂದಿನ ಬ್ರೇಕನ್ನೂ ಸೇರಿಸಿ ಬದಲಾಯಿಸಿದೆ. ಫೋರ್ಕ್ ಖರ್ಚಿನ ಜೊತೆಗೆ ಹೆಡ್‌ಸೆಟ್, ಸ್ಟೆಮ್, ಬ್ರೇಕ್, ಲಿವರ್ ಇಷ್ಟನ್ನೂ ಮೊದಲೇ ಲೆಕ್ಕ ಹಿಡಿಯುವುದು ಒಳ್ಳೆಯದು.

ಜೋಡಿಸುವ ಮುಂಚೆ ಫೋರ್ಕನ್ನೂ ಬಿಚ್ಚಿ ಸರ್ವಿಸ್ ಮಾಡಿದೆ. ಗಾಳಿ ಪೂರ್ತಿ ತೆಗೆಯದೆ ಯಾವ ಬೋಲ್ಟನ್ನೂ ಮುಟ್ಟಬಾರದು, ಇದು ಕಟ್ಟುನಿಟ್ಟು. ತಳದ ಬೋಲ್ಟ್‌ಗಳನ್ನು ಕೆಲವು ಸುತ್ತು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗಿನ ರಾಡು ಬಿಡುತ್ತದೆ. ಆಗ ಕೆಳಗಿನ ಕಾಲುಗಳನ್ನು ಎಳೆದು ತೆಗೆಯಬಹುದು. ಒಳಗಿನ ಹಳೇ ಎಣ್ಣೆ ಬೂದು ಬಣ್ಣಕ್ಕೆ ತಿರುಗಿತ್ತು. ಒರೆಸಿ, ಹೊಸ ಸೀಲು ಹಾಕಿ, ಬುಶ್‌ಗಳಿಗೆಂದು ಸ್ವಲ್ಪ ಹೊಸ ಎಣ್ಣೆ ಹುಯ್ದು ಮುಚ್ಚಿದೆ. 28 ಮಿ.ಮೀ. ಕಾಲಿನ ಸೀಲು ಈಗಲೂ ಸಿಗುತ್ತದೆ.

ಮೊದಲು 80 ಮಿ.ಮೀ.ನಲ್ಲೇ ಓಡಿಸಿ ನೋಡೋಣ ಎಂದುಕೊಂಡೆ. ಆಕ್ಸಲ್‌ನಿಂದ ಕ್ರೌನ್‌ಗೆ 450, ನಾನೇ ಹಾಕಿಕೊಂಡ ಗಡಿಯ ಅಂಚು. ಹೋಗಿದ್ದು ಸ್ಯಾನ್ ಹೋಸೆಯ ದಕ್ಷಿಣದಲ್ಲಿರುವ ಸಾಂಟಾ ತೆರೇಸಾ ಪಾರ್ಕ್‌ಗೆ. ಅಲ್ಲಿ ರಾಕಿ ರಿಡ್ಜ್ ಅನ್ನುವ ಟ್ರೇಲ್ ಇದೆ. ಹೆಸರಿಗೆ ತಕ್ಕಂತೆ ಕಲ್ಲೋ ಕಲ್ಲು. ಇಳಿಜಾರಿನಲ್ಲಿ ಮೊದಲ ಕಲ್ಲಿನ ಸಾಲಿಗೆ ಬಂದಾಗಲೇ ವ್ಯತ್ಯಾಸ ಗೊತ್ತಾಯಿತು. ಹಳೇ ಫೋರ್ಕ್ ಪ್ರತಿ ಕಲ್ಲಿಗೂ ಮಣಿಕಟ್ಟಿಗೆ ಸುದ್ದಿ ಮುಟ್ಟಿಸುತ್ತಿತ್ತು. ಇದರಲ್ಲಿ ಚಕ್ರ ಮಾತ್ರ ಏರಿ ಇಳಿಯಿತು, ಕೈ ಹಾಗೇ ಇತ್ತು. ಸಣ್ಣ ಕಲ್ಲುಗಳ ಮೇಲೆ ಹಿಡಿತ ತಪ್ಪಲಿಲ್ಲ.

ಆದರೆ ಏರಿನಲ್ಲಿ ಹಾಗಿರಲಿಲ್ಲ. ಸ್ಟೈಲ್ ರ‍್ಯಾಂಚ್ ಟ್ರೇಲ್‌ನ ಬಿಗಿ ತಿರುವುಗಳಲ್ಲಿ ಸಣ್ಣ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಮುಂದಿನ ಚಕ್ರ ಹಾಕಿದ ಗೆರೆಯಲ್ಲಿ ನಿಲ್ಲುತ್ತಿರಲಿಲ್ಲ. ತಿರುವಿನ ಮಧ್ಯದಲ್ಲಿ ಹ್ಯಾಂಡಲ್ ತಾನಾಗಿ ಒಳಗೆ ವಾಲುತ್ತಿತ್ತು. ಎದೆಯನ್ನು ಹ್ಯಾಂಡಲ್ ತನಕ ಬಗ್ಗಿಸಿದರೆ ಮಾತ್ರ ಸರಿಹೋಗುತ್ತಿತ್ತು. ಈ ಫ್ರೇಮಿನ ದೊಡ್ಡ ಗುಣವೇ ಏರುವುದು. ಉದ್ದ ಸ್ಟೆಮ್ಮು, 71 ಡಿಗ್ರಿಯ ಹೆಡ್ ಆ್ಯಂಗಲ್ಲು, ಚಕ್ರದ ಮೇಲೆ ಬೀಳುವ ಭಾರ, ಎಲ್ಲ ಸೇರಿ ಅದು ಹತ್ತುವಾಗ ಚುರುಕಾಗಿ ಮಾತು ಕೇಳುತ್ತದೆ. ಇಳಿಯುವಾಗಿನ 17 ಮಿ.ಮೀ. ಸುಖಕ್ಕೆ ಆ ಗುಣವನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಮತ್ತೆ ಬಿಚ್ಚಿ ಗಾಳಿಯ ಕಾಲಿನ ಪಿಸ್ಟನ್ ರಾಡು ಹೊರತೆಗೆದೆ. ಪಿಸ್ಟನ್ನಿನ ಕೆಳಗೆ, ಎದುರಿನಿಂದ ಒತ್ತುವ ನೆಗೆಟಿವ್ ಗಾಳಿ ಇರುವ ಕಡೆ, 17 ಮಿ.ಮೀ. ಉದ್ದದ ಪ್ಲಾಸ್ಟಿಕ್ ತುಂಡು ಸೇರಿಸಿದೆ. ರಾಡು ಅಷ್ಟು ಕಡಿಮೆ ಹೊರಬರುತ್ತದೆ, ಫೋರ್ಕ್ ಅಷ್ಟು ಗಿಡ್ಡವಾಗುತ್ತದೆ. ಈಗ ಉದ್ದ 433. ಹಳೇ ಫೋರ್ಕಿಗಿಂತ 8 ಮಿ.ಮೀ. ಮಾತ್ರ ಹೆಚ್ಚು.

ಅದೇ ಟ್ರೇಲು, ಅದೇ ತಿರುವು. ಚಕ್ರ ಹಾಕಿದ ಕಡೆ ನಿಂತಿತು. ಸೀಟಿನ ಮುಂದಿನ ತುದಿಗೆ ಜರುಗಿ ಕೂತರೆ ಸಾಕು, ಸೈಕಲ್ ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹತ್ತಿತು. ಇಳಿಯುವಾಗ ದೊಡ್ಡ ಕಲ್ಲಿಗೆ ಫೋರ್ಕ್ ಪೂರ್ತಿ ಕುಸಿದದ್ದು ನಿಜ, ಆದರೆ ಬಡಿದುಕೊಳ್ಳಲಿಲ್ಲ. ಟ್ರಾವೆಲ್ ಕಡಿಮೆ ಮಾಡಿ ಸೈಕಲ್ ಉತ್ತಮವಾಗುವುದನ್ನು ಕೈಯಾರೆ ಅನುಭವಿಸಿದ ಮೇಲೆ ದಾವಣಗೆರೆ ಗೆಳೆಯನನ್ನೂ ಕೂರಿಸಿದೆ. ಒಂದು ಏರು ಹತ್ತಿ ಬಂದವನು, "ಇದು ನಿನ್ನ ಮಾತು ಕೇಳುತ್ತೆ ಕಣೋ. ನಂದು ಹಿಂಗೆ ತಿರುಗಲ್ಲ" ಎಂದ.

ಗಾಳಿಯ ವಿಷಯ. ಈ ಫೋರ್ಕಿನಲ್ಲಿ ಎರಡು ವಾಲ್ವ್ ಇವೆ. ಮೇಲಿನದು ಪಾಸಿಟಿವ್, ಕೆಳಗಿನದು ನೆಗೆಟಿವ್. ಮೊದಲು ಮೇಲಿನದನ್ನು ತುಂಬಿ ಆಮೇಲೆ ಕೆಳಗಿನದಕ್ಕೆ ಹಾಕಬೇಕು. ಟಯರಿನ ಪಂಪು ಆಗುವುದಿಲ್ಲ, ಶಾಕ್ ಪಂಪೇ ಬೇಕು. ನನ್ನ ತೂಕ 70 ಕಿಲೋ ಚಿಲ್ಲರೆ. ಎರಡಕ್ಕೂ 100 ಪಿಎಸ್‌ಐ ಆಸುಪಾಸು ಹಾಕಿದಾಗ ಸರಿಹೋಯಿತು. ನೋಡಿಕೊಳ್ಳುವ ಬಗೆ ಸುಲಭ. ಒಳಗಿನ ಕಾಲಿಗೆ ಒಂದು ತೆಳು ಪ್ಲಾಸ್ಟಿಕ್ ಟೈ ಕಟ್ಟಿ, ಸೈಕಲ್ ಮೇಲೆ ಸುಮ್ಮನೆ ಕೂತು ಇಳಿಯಿರಿ. ಟೈ 13ರಿಂದ 15 ಮಿ.ಮೀ. ಜರುಗಿದ್ದರೆ ಸಾಕು. ಜಾಸ್ತಿ ಜರುಗಿದರೆ ಗಾಳಿ ಹಾಕಿ, ಕಡಿಮೆ ಜರುಗಿದರೆ ಸ್ವಲ್ಪ ಬಿಡಿ. ಗಾಳಿಯ ಹಳೇ ಫೋರ್ಕ್ ಆದ್ದರಿಂದ ವಾರಕ್ಕೊಮ್ಮೆ ನೋಡಿಕೊಳ್ಳುತ್ತೇನೆ.

ಹೊಸ ಹೆಡ್‌ಸೆಟ್ ಮೊದಲ ಕೆಲವು ಸವಾರಿಗಳಲ್ಲಿ ಸ್ವಲ್ಪ ಕೂರುತ್ತದೆ. ಮುಂದಿನ ಬ್ರೇಕ್ ಹಿಡಿದು ಕೆಳಗಿನ ಕಪ್ಪಿನ ಹತ್ತಿರ ಬೆರಳಿಟ್ಟು ಸೈಕಲ್ಲನ್ನು ಆಡಿಸಿದರೆ ಸಡಿಲ ಆಗಿದ್ದು ಗೊತ್ತಾಗುತ್ತದೆ. ಸ್ಟೆಮ್ಮಿನ ಪಕ್ಕದ ಬೋಲ್ಟ್‌ಗಳನ್ನು ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟನ್ನು ಕೊಂಚ ತಿರುಗಿಸಿ, ಮತ್ತೆ ಪಕ್ಕದವನ್ನು ಬಿಗಿಯಬೇಕು. ನನ್ನದಕ್ಕೂ ಹಾಗೆ ಮಾಡಿದೆ, ಆಮೇಲೆ ಅಲುಗಿಲ್ಲ.

ಬಿಚ್ಚಿದ ಕ್ವಿಲ್ ಸ್ಟೆಮ್, ಕ್ಯಾಂಟಿಲಿವರ್ ಬ್ರೇಕ್, ಹಳೇ ಲಿವರ್‌ಗಳನ್ನು ತೊಳೆದು ವರ್ಕ್‌ಶಾಪಿಗೆ ಕೊಟ್ಟೆ. ಹಳೇ ಸೈಕಲ್ ಸರಿಮಾಡಿಕೊಳ್ಳುತ್ತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಸ್ಟೆಮ್ ಅಳತೆ ಸರಿಯಾಗಿ ಕೂತಿತು. ಬ್ರೇಕು ಕೂಡ ಅವಳೇ ತೆಗೆದುಕೊಂಡಳು.